ಕುದುರೆಗಳಲ್ಲಿ ಸೂಜಿಭಯ

ಸೂಜಿಭಯವು ಚುಚ್ಚುಮದ್ದು ಪಡೆಯುವಾಗ ಅಥವಾ ಅದರ ಸುಳಿವು ಸಿಕ್ಕೊಡನೆ ಕುದುರೆಯು ತೋರುವ ತೀವ್ರ ಹೆದರಿಕೆ ಮತ್ತು ಪ್ರತಿರೋಧವಾಗಿದೆ. ಇಂತಹ ಕುದುರೆಯು ಸಿರಿಂಜನ್ನು ಕಂಡಾಗ, ಸ್ಪಿರಿಟ್‌ನ ವಾಸನೆ ಬಂದಾಗ ಅಥವಾ ಕತ್ತಿನ ಚರ್ಮವನ್ನು ಹಿಡಿದಾಗ ತಲೆ ಎತ್ತಿ ಹಿಂದೆ ಸರಿಯುತ್ತದೆ, ಮುಂಗಾಲೆತ್ತಿ ನಿಲ್ಲುತ್ತದೆ ಅಥವಾ ಒದೆಯುತ್ತದೆ. ಇದು ಹುಟ್ಟಿನಿಂದ ಬಂದ ದುಷ್ಟತನವಲ್ಲ. ಬಹುತೇಕ ಸಂದರ್ಭಗಳಲ್ಲಿ ಇದು ಅನುಭವದಿಂದ ಕಲಿತ ನಡವಳಿಕೆಯಾಗಿದ್ದು, ಸರಿಯಾದ ತಾಲೀಮಿನಿಂದ ಇದನ್ನು ತಗ್ಗಿಸಬಹುದು. ಧನುರ್ವಾಯು, ರೇಬೀಸ್, ಸರ್ರಾ ಮೊದಲಾದ ರೋಗಗಳ ತಡೆ ಮತ್ತು ಚಿಕಿತ್ಸೆಗೆ ಚುಚ್ಚುಮದ್ದು ಅನಿವಾರ್ಯವಾಗಿರುವುದರಿಂದ, ಸೂಜಿಭಯವು ಕುದುರೆಯ ಜೀವಕ್ಕೂ ಅದನ್ನು ಹಿಡಿದು ನಿಲ್ಲುವವರ ಸುರಕ್ಷತೆಗೂ ಸಂಬಂಧಿಸಿದ ವಿಷಯವಾಗಿದೆ.

ಹಿನ್ನೆಲೆ

ಭಾರತದಲ್ಲಿ ಅಶ್ವವೈದ್ಯದ ಪರಂಪರೆಯು ಪ್ರಾಚೀನವಾದುದು. ಶಾಲಿಹೋತ್ರನನ್ನು ಈ ಶಾಸ್ತ್ರದ ಮೂಲಪುರುಷನೆಂದು ಪರಿಗಣಿಸಲಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರವಿದೆ. ಅಭಿನವಚಂದ್ರನು ಕನ್ನಡದಲ್ಲಿ 'ಅಶ್ವವೈದ್ಯ'ವನ್ನು ರಚಿಸಿದನು. ಆದರೆ ಟೊಳ್ಳು ಸೂಜಿಯ ಮೂಲಕ ಔಷಧವನ್ನು ದೇಹದೊಳಗೆ ಸೇರಿಸುವ ಆಧುನಿಕ ಸಿರಿಂಜು ಬಳಕೆಗೆ ಬಂದುದು 1853ರಲ್ಲಿ, ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಶಾರ್ಲ್ ಪ್ರವಾಸ್ ಎಂಬ ವೈದ್ಯರ ಪ್ರಯತ್ನಗಳಿಂದ.

ಚುಚ್ಚುಮದ್ದಿನ ಇತಿಹಾಸದಲ್ಲಿ ಕುದುರೆಗೆ ವಿಶೇಷ ಸ್ಥಾನವಿದೆ. ಭಾರತದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ಕಡಿತಕ್ಕೆ ನೀಡುವ ಪ್ರತಿವಿಷವನ್ನು ಕುದುರೆಗಳ ರಕ್ತದಿಂದಲೇ ತಯಾರಿಸಲಾಗುತ್ತದೆ. ಇದಕ್ಕಾಗಿ ಸಾಕಿದ ಕುದುರೆಗಳಿಗೆ ಅಲ್ಪ ಪ್ರಮಾಣದ ವಿಷವನ್ನು ಮತ್ತೆ ಮತ್ತೆ ಚುಚ್ಚಿ, ಬಳಿಕ ರಕ್ತ ಪಡೆಯಲಾಗುತ್ತದೆ.

ಕರ್ನಾಟಕದಲ್ಲಿ ಕುದುರೆ ಸಾಕಣೆ

ಕರ್ನಾಟಕದಲ್ಲಿ ಕುದುರೆಗಳು ಭಿನ್ನ ಪರಿಸರಗಳಲ್ಲಿ ಬದುಕುತ್ತವೆ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್, ಬೆಂಗಳೂರು ಮತ್ತು ಮೈಸೂರಿನ ಓಟದ ಕುದುರೆಗಳ ಲಾಯಗಳು ಹಾಗೂ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ಕುದುರೆಗಳಿಗೆ ಪಳಗಿದ ಆಳುಗಳೂ ನಿಯತ ಪಶುವೈದ್ಯಕೀಯ ಆರೈಕೆಯೂ ದೊರೆಯುತ್ತವೆ.

ಉತ್ತರ ಕರ್ನಾಟಕದ ಸ್ಥಿತಿ ಬೇರೆ. ಮಲಪ್ರಭಾ ನದಿಯ ತೀರದ ರಾಮದುರ್ಗ ಮತ್ತು ಸವದತ್ತಿ ಹಾಗೂ ಸುತ್ತಲಿನ ಒಣಭೂಮಿಯ ತಾಲೂಕುಗಳಲ್ಲಿ ಕುರುಬ ಸಮುದಾಯದ ಸಂಚಾರಿ ಕುರಿಗಾಹಿಗಳು ದಖನಿ ಕುರಿಗಳ ಹಿಂಡಿನೊಡನೆ ವರ್ಷದ ಬಹುಭಾಗ ಊರಿಂದೂರಿಗೆ ಸಾಗುತ್ತಾರೆ. ಅವರ ಹಾಸಿಗೆ, ಪಾತ್ರೆ, ಬಲೆ, ಜೋಳದ ಚೀಲಗಳನ್ನೂ ನಡೆಯಲಾರದ ಮರಿಗಳನ್ನೂ ಹೊರುವುದು ತಟ್ಟು ಎನಿಸಿಕೊಳ್ಳುವ ಗಿಡ್ಡ ಕುದುರೆಗಳು. ಬೆಳಗಾವಿ ಮತ್ತು ನೆರೆಯ ಜಿಲ್ಲೆಗಳ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತುಗಳು ನಡೆಯುವುದರಿಂದ ಓಟಕ್ಕೆಂದೇ ಕುದುರೆ ಸಾಕುವ ರೈತರೂ ಇದ್ದಾರೆ. ಬೈಲಹೊಂಗಲ ಮತ್ತು ಕಿತ್ತೂರು ಸೀಮೆಯಲ್ಲಿ ಕುದುರೆಯು ರಾಣಿ ಚೆನ್ನಮ್ಮನ ನೆನಪಿನೊಡನೆಯೂ ಬೆಸೆದುಕೊಂಡಿದೆ.

ಜಾನುವಾರು ಗಣತಿಗಳ ಪ್ರಕಾರ ಭಾರತದಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2012ರಲ್ಲಿ ಸುಮಾರು 6.2 ಲಕ್ಷವಿದ್ದದ್ದು 2019ರಲ್ಲಿ ಸುಮಾರು 3.4 ಲಕ್ಷಕ್ಕೆ ಇಳಿಯಿತು. ಇದರಿಂದಾಗಿ ಗ್ರಾಮೀಣ ಪಶು ಆಸ್ಪತ್ರೆಗಳ ಸಿಬ್ಬಂದಿ ದಿನನಿತ್ಯ ಕಾಣುವುದು ಎತ್ತು, ಎಮ್ಮೆ, ಕುರಿ, ಮೇಕೆಗಳನ್ನು. ಕುದುರೆ ಬರುವುದು ಅಪರೂಪ. ಎತ್ತಿನ ಮೂಗುದಾರ ಹಿಡಿದು, ಬಿಗಿದು ಕಟ್ಟಿ ಚುಚ್ಚುವ ರೂಢಿಯನ್ನೇ ಕುದುರೆಗೂ ಅನ್ವಯಿಸಿದರೆ ಅದು ಹೆಚ್ಚಾಗಿ ವಿಫಲವಾಗುತ್ತದೆ.

ಚುಚ್ಚುಮದ್ದು ಅನಿವಾರ್ಯವಾಗುವ ಸಂದರ್ಭಗಳು

ಧನುರ್ವಾಯು: ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಅತಿ ಸುಲಭವಾಗಿ ಈಡಾಗುವುದು ಕುದುರೆ. ರೋಗಾಣುವಿನ ಬೀಜಕಣಗಳು ಮಣ್ಣು ಮತ್ತು ಲದ್ದಿಯಲ್ಲಿರುತ್ತವೆ. ಗೊರಸಿಗೆ ನೆಟ್ಟ ಮೊಳೆ, ಲಾಳ ಕಟ್ಟುವಾಗಿನ ಗಾಯ, ಜೀನು ಉಜ್ಜಿದ ಹುಣ್ಣು, ತಂತಿ ಬೇಲಿಯ ಗೀರುಗಳ ಮೂಲಕ ಅವು ದೇಹವನ್ನು ಸೇರುತ್ತವೆ. ತಡೆಗಾಗಿ 4ರಿಂದ 6 ವಾರಗಳ ಅಂತರದಲ್ಲಿ ಎರಡು ಲಸಿಕೆ, ಬಳಿಕ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮರುಲಸಿಕೆ ನೀಡಲಾಗುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಬದುಕುಳಿಯುವ ಕುದುರೆಗಳು ಕಡಿಮೆ.

ರೇಬೀಸ್: ಹುಚ್ಚುನಾಯಿ ಕಚ್ಚಿದ ಪ್ರಾಣಿಗೆ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಸಾಮಾನ್ಯವಾಗಿ 0, 3, 7, 14 ಮತ್ತು 28ನೆಯ ದಿನಗಳಂದು ಲಸಿಕೆ ನೀಡಲಾಗುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಬಳಿಕ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಸೂಜಿಭಯದ ಅಪಾಯ ಇಲ್ಲಿ ಸ್ಪಷ್ಟವಾಗುತ್ತದೆ: ಮೊದಲ ಚುಚ್ಚುಮದ್ದಿನಲ್ಲಿ ನಡೆದ ಗುದ್ದಾಟವು ಎರಡನೆಯದನ್ನು ಕಷ್ಟವಾಗಿಸುತ್ತದೆ, ಮೂರನೆಯದರ ಹೊತ್ತಿಗೆ ಮಾಲೀಕನು ಕೈಚೆಲ್ಲುವ ಸಂಭವವಿರುತ್ತದೆ. ಸರಣಿ ಅರ್ಧಕ್ಕೆ ನಿಂತರೆ ಕುದುರೆಯ ಜೊತೆಗೆ ಅದನ್ನು ಸಾಕುವ ಕುಟುಂಬವೂ ಅಪಾಯಕ್ಕೆ ಒಳಗಾಗುತ್ತದೆ.

ಸರ್ರಾ: ಟ್ರಿಪನೊಸೋಮಾ ಇವಾನ್ಸಿ ಎಂಬ ಏಕಕೋಶ ಪರಾವಲಂಬಿಯಿಂದ ಬರುವ ರೋಗವಿದು. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಅವಿಭಜಿತ ಭಾರತದ ಡೇರಾ ಇಸ್ಮಾಯಿಲ್ ಖಾನ್ ಪ್ರದೇಶದ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದನ್ನು ಗುರುತಿಸಿದನು. ಕಚ್ಚುವ ನೊಣಗಳಿಂದ ಹರಡುವ ಈ ರೋಗಕ್ಕೆ ಚುಚ್ಚುಮದ್ದಿನ ರೂಪದ ಔಷಧವೇ ಮುಖ್ಯ ಚಿಕಿತ್ಸೆ. ಒಂದೇ ಸೂಜಿಯನ್ನು ಹಲವು ಕುದುರೆಗಳಿಗೆ ಬಳಸಿದರೂ ಇದು ಹರಡಬಲ್ಲದು.

ಗ್ಲ್ಯಾಂಡರ್ಸ್: ಮನುಷ್ಯರಿಗೂ ತಗಲಬಲ್ಲ ಈ ರೋಗದ ಪತ್ತೆಗೆ ರಕ್ತದ ಮಾದರಿ ಬೇಕಾಗುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇಂತಹ ಪರೀಕ್ಷೆಗಳು ನಡೆಯುತ್ತವೆ. ರಕ್ತ ತೆಗೆಯಲು ಬಿಡದ ಕುದುರೆಯು ರೋಗ ಕಣ್ಗಾವಲಿನಿಂದಲೂ ಹೊರಗುಳಿಯುತ್ತದೆ.

ಕಾರಣಗಳು

ಕುದುರೆಯು ಬೇಟೆಗೆ ಗುರಿಯಾಗುವ ಪ್ರಾಣಿಯಾಗಿ ವಿಕಾಸಗೊಂಡಿದೆ. ಅಪಾಯ ಕಂಡಾಗ ಓಡುವುದು ಅದರ ಮೊದಲ ಪ್ರತಿಕ್ರಿಯೆ. ಓಡಲು ಎಡೆಯಿಲ್ಲದಾಗ ಮಾತ್ರ ಅದು ಒದೆಯುತ್ತದೆ ಅಥವಾ ಕಚ್ಚುತ್ತದೆ. ಒಂದು ನೊಣ ಕುಳಿತರೂ ಅಷ್ಟೇ ಭಾಗದ ಚರ್ಮವನ್ನು ಅದುರಿಸಬಲ್ಲಷ್ಟು ಅದರ ಸ್ಪರ್ಶಜ್ಞಾನ ಸೂಕ್ಷ್ಮವಾಗಿದೆ. ತಲೆಯ ಎರಡು ಬದಿಗಳಲ್ಲಿರುವ ಕಣ್ಣುಗಳಿಂದ ಅದು ಸುತ್ತಲಿನ ಬಹುಪಾಲನ್ನು ಒಮ್ಮೆಗೇ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕುರುಡು ವಲಯಗಳಿವೆ. ಹೀಗಾಗಿ ಬೆನ್ನ ಹಿಂದೆ ಸಿರಿಂಜನ್ನು ಬಚ್ಚಿಟ್ಟುಕೊಂಡು ಅಳುಕುತ್ತ ಬರುವ ವ್ಯಕ್ತಿಯ ಬದಲಾದ ನಡಿಗೆಯೂ ಅದರ ಗಮನಕ್ಕೆ ಬರುತ್ತದೆ.

ಭಯ ಬೆಳೆಯುವ ಬಗೆಯನ್ನು ಕಲಿಕಾ ಮನೋವಿಜ್ಞಾನದ ಎರಡು ತತ್ತ್ವಗಳು ವಿವರಿಸುತ್ತವೆ.

ಮೊದಲನೆಯದು ಅನುಬಂಧನ. ಗಂಟೆಯ ಸದ್ದಿಗೆ ಪಾವ್ಲೋವನ ನಾಯಿ ಜೊಲ್ಲು ಸುರಿಸುವಂತೆ, ನೋವಿನ ಜೊತೆಗೆ ಬಂದ ಸ್ಪಿರಿಟ್ ವಾಸನೆ, ಸಿರಿಂಜಿನ ಹೊದಿಕೆ ಹರಿಯುವ ಸದ್ದು, ವೈದ್ಯರ ವಾಹನ ಇವೆಲ್ಲವೂ ಕುದುರೆಗೆ ನೋವಿನ ಮುನ್ಸೂಚನೆಗಳಾಗುತ್ತವೆ. ಸೂಜಿ ಚುಚ್ಚುವ ಮೊದಲು ಮುಷ್ಟಿಯಿಂದ ಕತ್ತಿಗೆ ಎರಡು ಮೂರು ಬಾರಿ ತಟ್ಟುವ ಹಳೆಯ ಪದ್ಧತಿಯೂ ಹೀಗೆಯೇ ಮುನ್ಸೂಚನೆಯಾಗಬಲ್ಲದು.

ಎರಡನೆಯದು ಋಣಾತ್ಮಕ ಪುನರ್ಬಲನ. ಕುದುರೆಯು ಮುಂಗಾಲೆತ್ತಿದಾಗ ಹೆದರಿದ ವ್ಯಕ್ತಿಯು ಸೂಜಿಯನ್ನು ಹಿಂತೆಗೆದರೆ, "ಮುಂಗಾಲೆತ್ತಿದರೆ ಸೂಜಿ ದೂರವಾಗುತ್ತದೆ" ಎಂಬ ಪಾಠ ಅದಕ್ಕೆ ದೊರೆಯುತ್ತದೆ. ಮುಂದಿನ ಬಾರಿ ಅದು ಇನ್ನೂ ಬೇಗ, ಇನ್ನೂ ಎತ್ತರಕ್ಕೆ ಏಳುತ್ತದೆ. ಹಲವರು ಸೇರಿ ಬಲವಂತದಿಂದ ಹಿಡಿದು ಚುಚ್ಚಿದಾಗ ಭಯ ಹೆಚ್ಚುತ್ತದೆ. ಹಿಡಿತದಿಂದ ಬಿಡಿಸಿಕೊಂಡಾಗ ಪ್ರತಿರೋಧ ಗಟ್ಟಿಯಾಗುತ್ತದೆ. ಎರಡೂ ದಾರಿಗಳು ಸಮಸ್ಯೆಯನ್ನು ಬೆಳೆಸುತ್ತವೆ.

ಕೆಲವೊಮ್ಮೆ ಭಯಕ್ಕೆ ಔಷಧವೇ ಕಾರಣವಾಗಿರುತ್ತದೆ. ಪ್ರೊಕೇನ್ ಪೆನಿಸಿಲಿನ್ ಅಕಸ್ಮಾತ್ತಾಗಿ ರಕ್ತನಾಳವನ್ನು ಸೇರಿದರೆ ಕುದುರೆಯು ಕ್ಷಣಗಳಲ್ಲೇ ಉದ್ರೇಕಗೊಂಡು ಗೋಡೆ, ಮರಗಳಿಗೆ ಢಿಕ್ಕಿ ಹೊಡೆಯಬಹುದು. ದಿನಗಟ್ಟಲೆ ಒಂದೇ ಜಾಗಕ್ಕೆ ಚುಚ್ಚಿದ್ದರಿಂದ ಬಾವು ಬಂದಿದ್ದರೂ ಕುದುರೆಯು ಆ ಜಾಗವನ್ನು ಮುಟ್ಟಗೊಡುವುದಿಲ್ಲ. ಆದ್ದರಿಂದ ತಾಲೀಮಿಗೆ ಮೊದಲು ಕತ್ತನ್ನು ಪರೀಕ್ಷಿಸಿ ನೋವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ.

ಲಕ್ಷಣಗಳು

ಪ್ರತಿರೋಧವು ಒಮ್ಮೆಲೇ ಸಿಡಿಯುವಂತೆ ಕಂಡರೂ ಅದಕ್ಕೆ ಮೊದಲು ಸಣ್ಣ ಸೂಚನೆಗಳು ಇರುತ್ತವೆ: ತಲೆ ಮೇಲಕ್ಕೇರುವುದು, ಕತ್ತಿನ ಸ್ನಾಯುಗಳು ಬಿಗಿಯಾಗುವುದು, ಮೂಗಿನ ಹೊಳ್ಳೆ ಅರಳುವುದು, ಕಣ್ಣಿನ ಬಿಳಿಭಾಗ ಕಾಣುವುದು, ಬಾಯಿ ಬಿಗಿಹಿಡಿಯುವುದು, ಮೇವು ಅಗಿಯುವುದನ್ನು ತಟ್ಟನೆ ನಿಲ್ಲಿಸುವುದು. ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ಹೃದಯ ಬಡಿತವು ನಿಮಿಷಕ್ಕೆ ಸುಮಾರು 28ರಿಂದ 44ರಷ್ಟಿರುತ್ತದೆ. ಭಯಗೊಂಡಾಗ ಅದು ಬೇಗನೆ ಏರುತ್ತದೆ. ತಲೆ ತಗ್ಗಿಸುವುದು, ತುಟಿ ಸಡಿಲಿಸುವುದು, ದೀರ್ಘವಾಗಿ ಉಸಿರು ಬಿಡುವುದು ಮತ್ತೆ ಅಗಿಯತೊಡಗುವುದು ನಿರಾಳತೆಯ ಗುರುತುಗಳು.

ತಾಲೀಮಿನ ವಿಧಾನ

ಸೂಜಿಭಯವನ್ನು ತಗ್ಗಿಸಲು ಎರಡು ಕ್ರಮಗಳನ್ನು ಒಟ್ಟಿಗೆ ಬಳಸಲಾಗುತ್ತದೆ. ಭಯದ ವಸ್ತುವನ್ನು ಅತಿ ಸೌಮ್ಯ ರೂಪದಿಂದ ಆರಂಭಿಸಿ ಹಂತಹಂತವಾಗಿ ಪರಿಚಯಿಸುವುದು ಒಂದು. ಪ್ರತಿ ಹಂತವನ್ನೂ ಕುದುರೆಗೆ ಇಷ್ಟವಾದ ತಿನಿಸಿನೊಡನೆ ಜೋಡಿಸುವುದು ಇನ್ನೊಂದು. ಮೊದಲ ಕ್ರಮಕ್ಕೆ ಕರ್ನಾಟಕದಲ್ಲಿ ಪರಿಚಿತ ಉದಾಹರಣೆಯೆಂದರೆ ಮೈಸೂರು ದಸರೆಯ ಮುನ್ನ ನಡೆಯುವ ಕುಶಾಲತೋಪು ತಾಲೀಮು. ಜಂಬೂಸವಾರಿಯಂದು ಫಿರಂಗಿಗಳ ಸದ್ದಿಗೆ ಬೆದರದಿರಲೆಂದು ಆನೆಗಳನ್ನೂ ಅಶ್ವಾರೋಹಿ ದಳದ ಕುದುರೆಗಳನ್ನೂ ಮೊದಲೇ ಆ ಸದ್ದಿಗೆ ಒಗ್ಗಿಸಲಾಗುತ್ತದೆ. ಸೂಜಿಯ ವಿಷಯದಲ್ಲಿ ಬರಿಯ ಒಗ್ಗಿಸುವಿಕೆ ಸಾಲದು. ಫಿರಂಗಿಯ ಸದ್ದು ನೋಯಿಸುವುದಿಲ್ಲ, ಸೂಜಿ ನೋಯಿಸುತ್ತದೆ. ಆದ್ದರಿಂದಲೇ ತಿನಿಸಿನ ಜೋಡಣೆ ಬೇಕಾಗುತ್ತದೆ.

ಸಾಮಾನ್ಯವಾಗಿ ಅನುಸರಿಸುವ ಹಂತಗಳು ಹೀಗಿವೆ:

1. ಕುದುರೆಗೆ ಪರಿಚಿತವಾದ, ಸದ್ದುಗದ್ದಲವಿಲ್ಲದ ಜಾಗದಲ್ಲಿ, ಜೊತೆಯ ಪ್ರಾಣಿಗಳು ಕಾಣುವಂತೆ ಅದನ್ನು ನಿಲ್ಲಿಸಲಾಗುತ್ತದೆ. ಹಿಡಿಯುವವನು ಹಗ್ಗವನ್ನು ಸಡಿಲವಾಗಿ ಹಿಡಿಯುತ್ತಾನೆ. ಕಂಬಕ್ಕೆ ಬಿಗಿದು ಕಟ್ಟುವುದಿಲ್ಲ.
2. ಹೆಗಲಿನಿಂದ ಆರಂಭಿಸಿ ಕತ್ತಿನವರೆಗೆ ಅಂಗೈಯಿಂದ ಸವರಲಾಗುತ್ತದೆ. ಕುದುರೆ ನಿಶ್ಚಲವಾಗಿದ್ದಾಗ ಕೈ ತೆಗೆದು, ನೆನೆಸಿದ ಹುರುಳಿ, ಗಜ್ಜರಿ ಅಥವಾ ಬೆಲ್ಲದ ಸಣ್ಣ ತುಣುಕು ನೀಡಲಾಗುತ್ತದೆ.
3. ಚುಚ್ಚುವ ಜಾಗವನ್ನು ಬೆರಳಿನಿಂದ ಒತ್ತಿ, ನಂತರ ಚರ್ಮದ ಮಡಿಕೆಯನ್ನು ಹಿಡಿದು ಬಿಡಲಾಗುತ್ತದೆ.
4. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ ತಿನಿಸು ನೀಡಲಾಗುತ್ತದೆ. ಇದರಿಂದ ಆ ವಾಸನೆಯು ನೋವಿನ ಬದಲು ತಿನಿಸಿನ ಸೂಚನೆಯಾಗತೊಡಗುತ್ತದೆ.
5. ಸೂಜಿಯಿಲ್ಲದ ಸಿರಿಂಜನ್ನು ತೋರಿಸಿ, ಮೂಸಲು ಬಿಟ್ಟು, ಕತ್ತಿಗೆ ತಾಗಿಸಲಾಗುತ್ತದೆ.
6. ಪೆನ್ನಿನ ಮುಚ್ಚಳದಂತಹ ಮೊಂಡು ತುದಿಯಿಂದ ಅದೇ ಜಾಗವನ್ನು ಒತ್ತಲಾಗುತ್ತದೆ. ಒತ್ತಡವನ್ನು ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚಿಸಲಾಗುತ್ತದೆ.
7. ಇವೆಲ್ಲಕ್ಕೂ ಕುದುರೆ ನಿರಾಳವಾಗಿ ನಿಂತ ಮೇಲಷ್ಟೇ ನಿಜವಾದ ಚುಚ್ಚುಮದ್ದು ನೀಡಲಾಗುತ್ತದೆ.

ಈ ಕ್ರಮದ ಯಶಸ್ಸು ಸಮಯಪ್ರಜ್ಞೆಯನ್ನು ಅವಲಂಬಿಸಿದೆ. ಕೈಯನ್ನು ಅಥವಾ ಸಿರಿಂಜನ್ನು ತೆಗೆಯಬೇಕಾದುದು ಕುದುರೆ ಶಾಂತವಾಗಿರುವಾಗ. ಅದು ಕದಲಿದರೆ ಗದರದೆ, ಕೈಯನ್ನು ಅಲ್ಲಿಯೇ ಹಗುರವಾಗಿ ಇರಿಸಿ ಅದರೊಡನೆ ಸರಿಯುತ್ತ, ನಿಂತ ಕ್ಷಣದಲ್ಲಿ ತೆಗೆಯಲಾಗುತ್ತದೆ. ಹಾಗೆ ಇರಿಸಿಕೊಳ್ಳಲಾಗದಷ್ಟು ಭಯ ಕಂಡುಬಂದರೆ ಹಂತವು ದೊಡ್ಡದಾಯಿತೆಂದು ತಿಳಿದು ಹಿಂದಿನ ಹಂತಕ್ಕೆ ಮರಳಬೇಕು. ಪ್ರತಿ ಪಾಠವು 5ರಿಂದ 10 ನಿಮಿಷ ಸಾಕು. ಒಂದು ಬದಿಯಲ್ಲಿ ಕಲಿತದ್ದನ್ನು ಕುದುರೆಯು ಇನ್ನೊಂದು ಬದಿಯಲ್ಲಿಯೂ ತೋರುತ್ತದೆಂಬ ಭರವಸೆಯಿಲ್ಲದ ಕಾರಣ ಎರಡೂ ಬದಿಗಳಲ್ಲಿ ತಾಲೀಮು ನಡೆಸಲಾಗುತ್ತದೆ. ನಿಜವಾದ ಚುಚ್ಚುಮದ್ದಿನ ನಂತರದ ದಿನಗಳಲ್ಲಿಯೂ ಸೂಜಿಯಿಲ್ಲದ ಪಾಠಗಳನ್ನು ಮುಂದುವರಿಸಿದರೆ, ನೋವಿನ ಒಂದು ಅನುಭವವು ಹಲವು ಒಳ್ಳೆಯ ಅನುಭವಗಳ ನಡುವೆ ಹಗುರವಾಗುತ್ತದೆ.

ಚುಚ್ಚುವ ಜಾಗ ಮತ್ತು ಕ್ರಮ

ಕುದುರೆಗಳಿಗೆ ಸ್ನಾಯುವಿನೊಳಗಿನ ಚುಚ್ಚುಮದ್ದನ್ನು ಹೆಚ್ಚಾಗಿ ಕತ್ತಿನ ತ್ರಿಕೋನಾಕಾರದ ಭಾಗದಲ್ಲಿ ನೀಡಲಾಗುತ್ತದೆ. ಇದರ ಮೇಲಿನ ಎಲ್ಲೆ ಅಯಾಲಿನ ಕೆಳಗಿನ ದಪ್ಪ ಅಸ್ಥಿರಜ್ಜು, ಕೆಳಗಿನ ಎಲ್ಲೆ ಕತ್ತಿನ ಮೂಳೆಗಳ ಸಾಲು, ಹಿಂದಿನ ಎಲ್ಲೆ ಹೆಗಲ ಮೂಳೆಯ ಮುಂಚು. ಎದೆಯ ಸ್ನಾಯು ಮತ್ತು ತೊಡೆಯ ಹಿಂಭಾಗದ ಸ್ನಾಯುಗಳು ಪರ್ಯಾಯ ಜಾಗಗಳು. ತೊಡೆಗೆ ಚುಚ್ಚುವಾಗ ಒದೆತದ ಅಪಾಯ ಹೆಚ್ಚು. ಪುಟ್ಟದ ಮೇಲ್ಭಾಗದಲ್ಲಿ ಕೀವುಗಟ್ಟಿದರೆ ಅದು ಕೆಳಮುಖವಾಗಿ ಹರಿದುಹೋಗಲು ದಾರಿಯಿಲ್ಲದ ಕಾರಣ ಆ ಜಾಗವನ್ನು ಸಾಧ್ಯವಾದಷ್ಟು ತಪ್ಪಿಸಲಾಗುತ್ತದೆ.

ವಯಸ್ಕ ಕುದುರೆಗೆ ಸಾಮಾನ್ಯವಾಗಿ 18ರಿಂದ 20 ಗೇಜಿನ, ಒಂದರಿಂದ ಒಂದೂವರೆ ಇಂಚು ಉದ್ದದ ಸೂಜಿಯನ್ನು ಬಳಸಲಾಗುತ್ತದೆ. ಗೇಜಿನ ಸಂಖ್ಯೆ ಹೆಚ್ಚಿದಂತೆ ಸೂಜಿ ಸಣ್ಣದಾಗುತ್ತದೆ. ತೆಳುವಾದ ಲಸಿಕೆಗೆ ಸಣ್ಣ ಸೂಜಿ ಸಾಕು. ಮಂದವಾದ ಔಷಧಕ್ಕೆ ದಪ್ಪ ಸೂಜಿ ಬೇಕಾಗುತ್ತದೆ. ಪ್ರತಿ ಬಾರಿಯೂ ಹೊಸ ಸೂಜಿಯನ್ನು ಬಳಸುವುದರಿಂದ ಸೋಂಕು ತಪ್ಪುವುದಲ್ಲದೆ ನೋವೂ ಕಡಿಮೆಯಾಗುತ್ತದೆ. ಸೂಜಿ ಸೇರಿದ ಮೇಲೆ ಸಿರಿಂಜಿನ ಹಿಡಿಯನ್ನು ತುಸು ಹಿಂದಕ್ಕೆಳೆದು, ರಕ್ತ ಬಾರದಿದ್ದರೆ ಮಾತ್ರ ಔಷಧವನ್ನು ಒತ್ತಲಾಗುತ್ತದೆ. ದೊಡ್ಡ ಪ್ರಮಾಣದ ಔಷಧವನ್ನು ಒಂದೇ ಜಾಗಕ್ಕೆ ನೀಡದೆ ಹಂಚಲಾಗುತ್ತದೆ. ಒಂದು ಜಾಗಕ್ಕೆ 10 ಮಿಲಿಲೀಟರ್ ಮೀರದಿರುವುದು ವಾಡಿಕೆ.

ಕತ್ತಿನ ದೊಡ್ಡ ಅಭಿಧಮನಿಗೆ ನೀಡುವ ಚುಚ್ಚುಮದ್ದು ಪಶುವೈದ್ಯರ ಕೆಲಸ. ಅದರ ಸಮೀಪದಲ್ಲೇ ಮೆದುಳಿಗೆ ರಕ್ತ ಒಯ್ಯುವ ಅಪಧಮನಿಯಿದ್ದು, ಔಷಧವು ತಪ್ಪಿ ಅದನ್ನು ಸೇರಿದರೆ ಕುದುರೆಯು ಸೆಳೆತ ಬಂದು ಕ್ಷಣಾರ್ಧದಲ್ಲಿ ಕುಸಿಯಬಹುದು. ಕುದುರೆ ಕದಲುತ್ತಿರುವಾಗ ಈ ಅಪಾಯ ಹೆಚ್ಚುತ್ತದೆ. ಫಿನೈಲ್‌ಬ್ಯೂಟಜೋನ್ ಅಭಿಧಮನಿಯಿಂದ ಹೊರಗೆ ಸೋರಿದರೆ ಸುತ್ತಲಿನ ಅಂಗಾಂಶ ಕೊಳೆಯುತ್ತದೆ. ಫ್ಲುನಿಕ್ಸಿನ್ ಅನ್ನು ಸ್ನಾಯುವಿಗೆ ಚುಚ್ಚಿದಾಗ ಪ್ರಾಣಾಂತಿಕ ಸ್ನಾಯು ಸೋಂಕು ಉಂಟಾದ ಪ್ರಕರಣಗಳಿವೆ. ಸೂಜಿಗೆ ಅಂಜುವ ಕುದುರೆಗೆ ಬಾಯಿಯ ಮೂಲಕ ಕೊಡಬಹುದಾದ ರೂಪದ ಔಷಧ ಲಭ್ಯವಿದೆಯೇ ಎಂದು ಮೊದಲು ವಿಚಾರಿಸುವುದು ಒಳಿತು. ಆದರೆ ಲಸಿಕೆಗಳಿಗೆ ಈ ಅನುಕೂಲ ಸಾಮಾನ್ಯವಾಗಿ ಇಲ್ಲ.

ಹಿಡಿಯುವ ಕ್ರಮ ಮತ್ತು ಸುರಕ್ಷತೆ

ಚುಚ್ಚುವವರೂ ಹಿಡಿಯುವವನೂ ಕುದುರೆಯ ಒಂದೇ ಬದಿಯಲ್ಲಿ ನಿಲ್ಲುತ್ತಾರೆ. ಕುದುರೆ ಕದಲಿದಾಗ ಅದರ ತಲೆಯನ್ನು ತಮ್ಮ ಕಡೆಗೆ ಎಳೆದರೆ ಹಿಂಗಾಲುಗಳು ಇಬ್ಬರಿಂದಲೂ ದೂರ ಸರಿಯುತ್ತವೆ. ನೇರ ಮುಂದೆ ಅಥವಾ ಹಿಂದೆ ನಿಲ್ಲುವುದು, ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಅಪಾಯಕಾರಿ. ಆ ಬದಿಯ ಕಣ್ಣಿನ ಹಿಂಭಾಗಕ್ಕೆ ಬೊಗಸೆಯಂತೆ ಅಂಗೈ ಮರೆಮಾಡಿದರೆ ಕೆಲವು ಕುದುರೆಗಳು ಶಾಂತವಾಗಿ ನಿಲ್ಲುತ್ತವೆ.

ಪಶು ಆಸ್ಪತ್ರೆಗಳಲ್ಲಿ ದನಗಳನ್ನು ನಿಲ್ಲಿಸುವ ಕಬ್ಬಿಣದ ಟ್ರೆವಿಸ್‌ಗಳು ಸೂಜಿಗೆ ಅಂಜುವ ಕುದುರೆಗೆ ಯಾವಾಗಲೂ ಸುರಕ್ಷಿತವಲ್ಲ. ಮುಂಗಾಲೆತ್ತುವ ಕುದುರೆಯು ಅಡ್ಡಕಂಬಿಯ ಮೇಲೆ ಕಾಲು ಹಾಕಿ ಮೂಳೆ ಮುರಿದುಕೊಳ್ಳುವ ಸಾಧ್ಯತೆಯಿರುತ್ತದೆ. ಇಂತಹ ಕುದುರೆಗೆ ತೆರೆದ, ಜಾರದ ನೆಲವೇ ಮೇಲು.

ಮೇಲ್ದುಟಿಯನ್ನು ಹಗ್ಗದ ಕುಣಿಕೆಯಿಂದ ಹಿಡಿದು ತಿರುಚುವ ಪದ್ಧತಿಯು ಪ್ರಪಂಚದ ಹಲವೆಡೆ ಬಳಕೆಯಲ್ಲಿದೆ. 1984ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು, ಹೀಗೆ ಹಿಡಿದಾಗ ಕುದುರೆಯ ಹೃದಯ ಬಡಿತ ತಗ್ಗುವುದನ್ನೂ ನೋವು ಶಮನಗೊಳಿಸುವ ಎಂಡಾರ್ಫಿನ್ ಅದರ ರಕ್ತದಲ್ಲಿ ಹೆಚ್ಚುವುದನ್ನೂ ವರದಿ ಮಾಡಿದರು. ಈ ಪರಿಣಾಮ ಅಲ್ಪಕಾಲದ್ದಾಗಿದ್ದು, ಕೆಲವೇ ನಿಮಿಷಗಳ ತುರ್ತು ಕೆಲಸಕ್ಕೆ ಮಾತ್ರ ಇದು ಸೂಕ್ತ. ಕಿವಿಯನ್ನು ತಿರುಚುವುದು ಒತ್ತಡವನ್ನು ಹೆಚ್ಚಿಸುತ್ತದೆ ಮತ್ತು ಕುದುರೆಯು ಮುಂದೆ ತಲೆಯನ್ನೇ ಮುಟ್ಟಗೊಡದಂತೆ ಮಾಡುತ್ತದೆ. ಹೊಡೆದು ನಿಲ್ಲಿಸುವುದು ಪರಿಣಾಮಕಾರಿಯಲ್ಲ. ಅನಗತ್ಯ ನೋವು ನೀಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧವೂ ಆಗಿದೆ.

ನಾಯಿ ಕಚ್ಚಿದಂತಹ ಸಂದರ್ಭಗಳಲ್ಲಿ ವಾರಗಟ್ಟಲೆ ತಾಲೀಮು ನಡೆಸಲು ಸಮಯವಿರುವುದಿಲ್ಲ. ಆಗ ಪಶುವೈದ್ಯರು ನಾಲಿಗೆಯಡಿಗೆ ಹಾಕುವ ಮಂಪರು ಔಷಧವನ್ನು ಬಳಸಬಹುದು ಅಥವಾ ಚರ್ಮ ಮರಗಟ್ಟಿಸುವ ಮುಲಾಮು ಹಚ್ಚಿ ಕಾಯಬಹುದು. ಮಂಪರಿನಲ್ಲಿರುವ ಕುದುರೆಯೂ ತಟ್ಟನೆ ಒದೆಯಬಲ್ಲದು ಎಂಬ ಎಚ್ಚರ ಅಗತ್ಯ. ಮೊದಲ ಚುಚ್ಚುಮದ್ದನ್ನು ಹೀಗೆ ಗುದ್ದಾಟವಿಲ್ಲದೆ ಮುಗಿಸಿ, ಮುಂದಿನ ಲಸಿಕೆಗಳ ನಡುವಿನ ದಿನಗಳನ್ನು ತಾಲೀಮಿಗೆ ಬಳಸಿಕೊಂಡರೆ ಸರಣಿಯನ್ನು ಪೂರ್ಣಗೊಳಿಸುವುದು ಸುಲಭವಾಗುತ್ತದೆ.

ಸಂಚಾರಿ ಕುರಿಗಾಹಿಗಳ ಕುದುರೆಗಳು

ಸಂಚಾರದಲ್ಲಿರುವ ತಟ್ಟುಗಳಿಗೆ ಸೂಜಿಭಯದ ಜೊತೆಗೆ ಬೇರೆ ತೊಡಕುಗಳೂ ಇವೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕಾಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಐಸ್ ಡಬ್ಬಿಯೊಡನೆ ಹೊಲಕ್ಕೆ ಬಂದ ಸಿಬ್ಬಂದಿಗೆ ಕುದುರೆಯನ್ನು ಸಮಾಧಾನಪಡಿಸುತ್ತ ಗಂಟೆಗಟ್ಟಲೆ ಕಾಯಲು ಸಾಧ್ಯವಾಗುವುದಿಲ್ಲ. ಮುಂದಿನ ಲಸಿಕೆಯ ದಿನಕ್ಕೆ ಹಿಂಡು ಬೇರೊಂದು ತಾಲೂಕಿನಲ್ಲಿರಬಹುದು. ಅಲ್ಲಿನ ವೈದ್ಯರು ಕುದುರೆಗೆ ಅಪರಿಚಿತರು. ಆದ್ದರಿಂದ ಇಂತಹ ಕಡೆ ತಾಲೀಮಿನ ಹೊಣೆ ಕುದುರೆಯೊಡನೆ ದಿನವೂ ಇರುವ ಕುಟುಂಬದ ಮೇಲೆಯೇ ಬೀಳುತ್ತದೆ. ಮುಂಜಾನೆ ಹೇರು ಹೊರಿಸುವಾಗ ಮತ್ತು ಸಂಜೆ ಇಳಿಸುವಾಗ ಕುದುರೆಯು ಹೇಗೂ ಮನುಷ್ಯರ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಕತ್ತಿನ ಚರ್ಮ ಹಿಡಿದು, ಒತ್ತಿ, ಒಂದು ಹಿಡಿ ಕಾಳು ನೀಡುವ ಅಭ್ಯಾಸಕ್ಕೆ ಪ್ರತ್ಯೇಕ ಖರ್ಚಾಗಲಿ ಸಲಕರಣೆಯಾಗಲಿ ಬೇಡ. ಮರಿಯಿದ್ದಾಗಲೇ ಇದನ್ನು ಆರಂಭಿಸಿದರೆ ಭಯ ಬೇರೂರುವುದೇ ಅಪರೂಪ.

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿಯನ್ನು ನಡೆಸುವ ಅಧಿಕಾರ ನೋಂದಾಯಿತ ವೈದ್ಯರದು. ಕಿರಿಯ ಸಿಬ್ಬಂದಿಯು ಅವರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಸಣ್ಣ ಸೇವೆಗಳನ್ನು ನೀಡಬಹುದು. ಕರ್ನಾಟಕದಲ್ಲಿ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಸಂಚಾರಿ ಚಿಕಿತ್ಸಾ ಘಟಕಗಳನ್ನು 1962 ಎಂಬ ಶುಲ್ಕರಹಿತ ದೂರವಾಣಿ ಸಂಖ್ಯೆಯ ಮೂಲಕ ಕರೆಸಬಹುದು. ಕರೆ ಮಾಡುವಾಗಲೇ ಕುದುರೆಗೆ ಸೂಜಿಭಯವಿದೆ ಎಂದು ತಿಳಿಸಿದರೆ, ಮಂಪರು ಔಷಧ ಮತ್ತು ಹೆಚ್ಚುವರಿ ಸಹಾಯಕರೊಡನೆ ಸಿದ್ಧರಾಗಿ ಬರಲು ವೈದ್ಯರಿಗೆ ಅನುಕೂಲವಾಗುತ್ತದೆ.